ಗೃಹ ಚಲಚ್ಚಿತ್ರ ಪದ್ಧತಿಗಳ ಸ್ಪರ್ಧೆ ಮತ್ತು ಗ್ರಾಹಕರ ಅಭಿಪ್ರಾಯಗಣನೆ: ಶೇಕಡಾವಾರು ಅಂಕಿಗಳು ದಾರಿ ತಪ್ಪಿಸುವ ಬಗೆ

೧. ವಿಷಯ ಪ್ರವೇಶ

ಮನೆಯಲ್ಲಿಯೇ ಕುಳಿತು ಚಲಚ್ಚಿತ್ರಗಳನ್ನು ನೋಡುವುದಕ್ಕಾಗಿ ರೂಪುಗೊಂಡ ಎರಡು ಹೊಸ ಡಿಸ್ಕ್ ಪದ್ಧತಿಗಳು ೨೦೦೬ರಿಂದ ೨೦೦೮ರವರೆಗೆ ಮುಖ್ಯವಾಗಿ ಅಮೆರಿಕ ಮತ್ತು ಜಪಾನುಗಳ ಮಾರುಕಟ್ಟೆಗಳಲ್ಲಿ ಪರಸ್ಪರ ಸೆಣಸಿದುವು. ಒಂದರ ಹೆಸರು ಬ್ಲೂ-ರೇ. ಇನ್ನೊಂದರ ಹೆಸರು ಎಚ್‌ಡಿ ಡಿವಿಡಿ. ಎರಡು ವರ್ಷಗಳೂ ತುಂಬದ ಆ ಅವಧಿಯಲ್ಲಿ, ‘ಗ್ರಾಹಕರು ಯಾವುದನ್ನು ಮೆಚ್ಚಿದ್ದಾರೆ?’ ಎಂಬ ಒಂದೇ ಪ್ರಶ್ನೆಗೆ ಬಗೆಬಗೆಯ ಶೇಕಡಾವಾರು ಉತ್ತರಗಳು ಪ್ರಕಟವಾದುವು. ಗೆಲವು ತನ್ನದೇ ಎಂದು ಎರಡು ಪಕ್ಷಗಳೂ ಅಂಕಿಗಳ ಸಮೇತ ಸಾರಿದುವು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೀಗೆ ಸಾರುವುದಕ್ಕೆ ಯಾವ ಪಕ್ಷವೂ ಸುಳ್ಳು ಅಂಕಿಗಳನ್ನು ಸೃಷ್ಟಿಸಬೇಕಾದ ಅಗತ್ಯವೇ ಇರಲಿಲ್ಲ.

ಅಂಕಿ ಸುಳ್ಳಾಗಿದ್ದರೆ ಅದನ್ನು ತೋರಿಸಿ ತಿದ್ದುವುದು ಸುಲಭ. ನಿಜವಾದ ಅಂಕಿಯಿಂದಲೇ ತಪ್ಪು ತಿಳಿವಳಿಕೆ ಹುಟ್ಟಿದಾಗ ತಿದ್ದುವ ಕೆಲಸ ಕಷ್ಟವಾಗುತ್ತದೆ. ಈ ಕಾರಣದಿಂದ ಮೇಲಿನ ಪ್ರಕರಣವು ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಮತ್ತು ವಾಣಿಜ್ಯಶಾಸ್ತ್ರಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಉಪಯುಕ್ತ ಪಾಠವಾಗಿದೆ. ಯಾರನ್ನು ಕೇಳಿದರು, ಏನನ್ನು ಕೇಳಿದರು, ಯಾವುದನ್ನು ಎಣಿಸಿದರು, ಯಾವಾಗ ಎಣಿಸಿದರು ಎಂಬ ನಾಲ್ಕು ಪ್ರಶ್ನೆಗಳನ್ನು ಈ ಲೇಖನದಲ್ಲಿ ಕ್ರಮವಾಗಿ ಪರಿಶೀಲಿಸಿದೆ. ಅನಂತರ, ಇಂಥ ಸ್ಪರ್ಧೆಗಳಿಗೇ ವಿಶಿಷ್ಟವಾದ ಐದನೆಯ ತೊಡಕೊಂದನ್ನು ವಿವರಿಸಲು ಯತ್ನಿಸಿದೆ. ಅದಾವುದೆಂದರೆ, ಇಲ್ಲಿ ಗಣನೆಯ ಫಲಿತಾಂಶದ ಪ್ರಕಟಣೆಯೇ ಸ್ಪರ್ಧೆಯ ಫಲವನ್ನು ಬದಲಿಸಬಲ್ಲುದು.

೨. ಸ್ಪರ್ಧೆಯ ಹಿನ್ನೆಲೆ

ಸಾಮಾನ್ಯ ಡಿವಿಡಿಯನ್ನು ಓದುವುದಕ್ಕೆ ಸುಮಾರು ೬೫೦ ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಕಿರಣವನ್ನು ಬಳಸುತ್ತಾರೆ. ತರಂಗಾಂತರ ಕಡಮೆಯಾದಷ್ಟೂ ಡಿಸ್ಕಿನ ಮೇಲಿನ ಗುರುತುಗಳನ್ನು ಚಿಕ್ಕದಾಗಿಸಬಹುದು. ಅದೇ ವಿಸ್ತೀರ್ಣದಲ್ಲಿ ಹೆಚ್ಚು ಮಾಹಿತಿಯನ್ನು ಅಡಕಮಾಡಬಹುದು. ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎರಡೂ ೪೦೫ ನ್ಯಾನೊಮೀಟರಿನ ನೀಲಿ-ನೇರಿಳೆ ಕಿರಣವನ್ನೇ ಆಶ್ರಯಿಸಿದುವು. ಆದರೆ ಅವುಗಳ ರಚನೆ ಬೇರೆ. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರವು ಡಿವಿಡಿಯಲ್ಲಿದ್ದಂತೆಯೇ ಮೇಲ್ಮೈಯಿಂದ ೦.೬ ಮಿಲಿಮೀಟರ್ ಒಳಗಿದ್ದಿತು. ಆದುದರಿಂದ ಹಳೆಯ ಕಾರ್ಖಾನೆಗಳನ್ನೇ ಅಲ್ಪ ವೆಚ್ಚದಲ್ಲಿ ಮಾರ್ಪಡಿಸಿಕೊಳ್ಳಬಹುದಾಗಿದ್ದಿತು. ಬ್ಲೂ-ರೇಯಲ್ಲಿ ಆ ಪದರವು ೦.೧ ಮಿಲಿಮೀಟರಿನಷ್ಟೇ ಒಳಗಿರುತ್ತದೆ. ಇದರಿಂದ ತಯಾರಿಕೆ ಕಷ್ಟವಾದರೂ ಧಾರಣಶಕ್ತಿ ಹೆಚ್ಚಿತು. ಒಂದು ಪದರಕ್ಕೆ ಎಚ್‌ಡಿ ಡಿವಿಡಿಯಲ್ಲಿ ೧೫ ಗಿಗಾಬೈಟ್, ಬ್ಲೂ-ರೇಯಲ್ಲಿ ೨೫ ಗಿಗಾಬೈಟ್. ಒಂದು ಪದ್ಧತಿಯ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ನಡೆಯುತ್ತಿರಲಿಲ್ಲ.

ಎಚ್‌ಡಿ ಡಿವಿಡಿಯ ಮುಂದಾಳು ತೋಷಿಬಾ ಸಂಸ್ಥೆ. ಬ್ಲೂ-ರೇಯ ಹಿಂದೆ ಸೋನಿ, ಪ್ಯಾನಸಾನಿಕ್, ಫಿಲಿಪ್ಸ್ ಮೊದಲಾದ ಹಲವು ಸಂಸ್ಥೆಗಳಿದ್ದುವು. ತೋಷಿಬಾದ ಮೊದಲ ಪ್ಲೇಯರು ಜಪಾನಿನಲ್ಲಿ ೨೦೦೬ರ ಮಾರ್ಚಿಯಲ್ಲಿಯೂ ಅಮೆರಿಕದಲ್ಲಿ ಏಪ್ರಿಲಿನಲ್ಲಿಯೂ ಮಾರಾಟಕ್ಕೆ ಬಂದಿತು. ಅಮೆರಿಕದಲ್ಲಿ ಬ್ಲೂ-ರೇ ಡಿಸ್ಕುಗಳು ಕಾಣಿಸಿಕೊಂಡುದು ಅದೇ ವರ್ಷದ ಜೂನಿನಲ್ಲಿ. ನವೆಂಬರಿನಲ್ಲಿ ಸೋನಿ ಸಂಸ್ಥೆಯು ಪ್ಲೇಸ್ಟೇಷನ್ ೩ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದರೊಳಗೆ ಬ್ಲೂ-ರೇ ಓದುವ ಸಾಧನವು ಅಡಕವಾಗಿದ್ದಿತು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ಲೆಕ್ಕದ ಗೋಜಲಿಗೆ ಅದೇ ಮೂಲ.

ಗ್ರಾಹಕರಿಗೆ ಇದು ಹೊಸ ಬಗೆಯ ಭಯವಾಗಿರಲಿಲ್ಲ. ೧೯೭೫ರಲ್ಲಿ ಸೋನಿಯು ಬೀಟಾಮ್ಯಾಕ್ಸ್ ಎಂಬ ವೀಡಿಯೋ ಕ್ಯಾಸೆಟ್ ಪದ್ಧತಿಯನ್ನೂ, ೧೯೭೬ರಲ್ಲಿ ಜೆವಿಸಿ ಸಂಸ್ಥೆಯು ವಿಎಚ್‌ಎಸ್ ಪದ್ಧತಿಯನ್ನೂ ಪ್ರಾರಂಭಿಸಿದ್ದುವು. ಬೀಟಾಮ್ಯಾಕ್ಸಿನ ಚಿತ್ರವೇ ಮೇಲೆಂಬ ಮಾತು ಬಹುಕಾಲ ಪ್ರಚಾರದಲ್ಲಿದ್ದಿತು. ಹಾಗಿದ್ದರೂ ಮಾರುಕಟ್ಟೆ ವಿಎಚ್‌ಎಸ್ ಕಡೆಗೆ ಒಲಿಯಿತು. ೧೯೮೮ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರಗಳನ್ನು ತಯಾರಿಸಲು ತೊಡಗಬೇಕಾಯಿತು. ಸೋತ ಪದ್ಧತಿಯ ಯಂತ್ರವನ್ನು ಕೊಂಡವರ ಮನೆಯಲ್ಲಿ ಯಂತ್ರವು ಚೆನ್ನಾಗಿಯೇ ಇದ್ದಿತು, ಅದಕ್ಕೆ ಹೊಸ ಚಿತ್ರಗಳ ಕ್ಯಾಸೆಟ್ಟುಗಳು ಮಾತ್ರ ದೊರೆಯದಾದುವು. ಈ ನೆನಪಿದ್ದುದರಿಂದಲೇ ೨೦೦೬ರ ಗ್ರಾಹಕನು ಯಂತ್ರದ ಗುಣಕ್ಕಿಂತ ಹೆಚ್ಚಾಗಿ ‘ಯಾವುದು ಗೆಲ್ಲುತ್ತದೆ?’ ಎಂಬುದನ್ನು ತಿಳಿಯಲು ಆತುರಪಟ್ಟನು. ಆ ಆತುರವೇ ಅಭಿಪ್ರಾಯಗಣನೆಗಳಿಗೆ ಬೆಲೆಯನ್ನು ತಂದುಕೊಟ್ಟಿತು.

೩. ಯಾರನ್ನು ಕೇಳಿದರು?

ಅನ್ನ ಬೆಂದಿದೆಯೇ ಇಲ್ಲವೇ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ಒಂದು ಅಗುಳನ್ನು ಹಿಸುಕಿ ನೋಡುತ್ತಾರೆ. ಮಾದರಿ ಸಮೀಕ್ಷೆಯ ತತ್ತ್ವವೆಲ್ಲ ಈ ಒಂದು ಅಗುಳಿನಲ್ಲಿ ಅಡಗಿದೆ. ಆದರೆ ಈ ಪರೀಕ್ಷೆ ಸರಿಯಾಗಬೇಕಾದರೆ ಪಾತ್ರೆಯಲ್ಲಿರುವ ಅನ್ನವೆಲ್ಲ ಒಂದೇ ಸಮನಾಗಿ ಬೆಂದಿರಬೇಕು, ಇಲ್ಲವೆ ಅಗುಳನ್ನು ಪಾತ್ರೆಯ ಎಲ್ಲ ಭಾಗಗಳಿಂದಲೂ ಪಕ್ಷಪಾತವಿಲ್ಲದೆ ಆರಿಸಿರಬೇಕು. ತಳ ಸೀದುಹೋಗಿ ಮೇಲುಭಾಗ ಅಕ್ಕಿಯಾಗಿಯೇ ಉಳಿದಿರುವ ಪಾತ್ರೆಯಲ್ಲಿ ಮೇಲಿನಿಂದ ಸಾವಿರ ಅಗುಳುಗಳನ್ನು ತೆಗೆದು ನೋಡಿದರೂ ತಳದ ಸ್ಥಿತಿ ತಿಳಿಯದು. ಸಂಖ್ಯಾಶಾಸ್ತ್ರದಲ್ಲಿ ಪಾತ್ರೆಯ ಇಡೀ ಅನ್ನಕ್ಕೆ ಸಮಷ್ಟಿ ಎಂದೂ, ಆರಿಸಿದ ಅಗುಳುಗಳಿಗೆ ಮಾದರಿ ಎಂದೂ ಹೆಸರು. ಸಮಷ್ಟಿಯ ಪ್ರತಿಯೊಂದು ಘಟಕಕ್ಕೂ ಮಾದರಿಯಲ್ಲಿ ಸೇರುವ ಸಂಭವವು ಮೊದಲೇ ಗೊತ್ತಾಗಿದ್ದು, ಆಯ್ಕೆಯನ್ನು ಆಕಸ್ಮಿಕಕ್ಕೆ ಬಿಟ್ಟಿದ್ದರೆ ಅದನ್ನು ಯಾದೃಚ್ಛಿಕ ಮಾದರಿ ಎನ್ನುತ್ತಾರೆ.

ಮಾದರಿಯ ಗಾತ್ರವು ಅದರ ಪಕ್ಷಪಾತವನ್ನು ನೀಗಿಸಲಾರದೆಂಬುದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ೧೯೩೬ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯು ಸುಮಾರು ೧ ಕೋಟಿ ಜನರಿಗೆ ಮತಚೀಟಿಗಳನ್ನು ಅಂಚೆಯ ಮೂಲಕ ಕಳುಹಿಸಿತು. ೨೦ ಲಕ್ಷಕ್ಕೂ ಮಿಕ್ಕ ಉತ್ತರಗಳು ಬಂದುವು. ಅವುಗಳ ಆಧಾರದ ಮೇಲೆ ಪತ್ರಿಕೆಯು ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಚುನಾವಣೆಯಲ್ಲಿ ರೂಸ್‌ವೆಲ್ಟರು ಸುಮಾರು ಶೇಕಡಾ ೬೧ರಷ್ಟು ಮತಗಳನ್ನು ಪಡೆದು, ೪೮ ಸಂಸ್ಥಾನಗಳ ಪೈಕಿ ೪೬ರಲ್ಲಿ ಜಯಗಳಿಸಿದರು. ಪತ್ರಿಕೆಯು ವಿಳಾಸಗಳನ್ನು ಟೆಲಿಫೋನ್ ಪಟ್ಟಿಗಳಿಂದಲೂ ಮೋಟಾರು ವಾಹನಗಳ ನೋಂದಣಿಯಿಂದಲೂ ಆರಿಸಿದ್ದಿತು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಫೋನು ಕಾರುಗಳಿದ್ದವರು ಅನುಕೂಲಸ್ಥರು. ಇದಲ್ಲದೆ ಚೀಟಿಯನ್ನು ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. ಉತ್ತರಿಸಿದವರ ಒಲವು ಉತ್ತರಿಸದವರ ಒಲವಿಗಿಂತ ಬೇರೆಯಾಗಿದ್ದಿತೆಂಬುದನ್ನು ಮುಂದೆ ವಿದ್ವಾಂಸರು ತೋರಿಸಿಕೊಟ್ಟರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪರು ಇದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ವಿಜೇತನನ್ನು ಸರಿಯಾಗಿ ಗುರುತಿಸಿದರು.

ಡಿಸ್ಕ್ ಪದ್ಧತಿಗಳ ವಿಷಯದಲ್ಲಿ ಯಾರು ಬೇಕಾದರೂ ಮತ ಹಾಕಬಹುದಾದ ಗಣನೆಗಳಿಗೆ ಇದೇ ದೋಷ ಇನ್ನೂ ತೀವ್ರವಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಜನರನ್ನು ಯಾರೂ ಆರಿಸುವುದಿಲ್ಲ. ಆಸಕ್ತರು ತಮ್ಮನ್ನು ತಾವೇ ಆರಿಸಿಕೊಳ್ಳುತ್ತಾರೆ. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ೧,೦೦,೦೦೦ ಸಂಸಾರಗಳಿರುವ ಒಂದು ನಗರವನ್ನು ಊಹಿಸಿಕೊಳ್ಳೋಣ. ಅವುಗಳಲ್ಲಿ ೧,೦೦೦ ಸಂಸಾರಗಳು ‘ಕ’ ಪದ್ಧತಿಯ ಯಂತ್ರವನ್ನೂ, ೧,೦೦೦ ಸಂಸಾರಗಳು ‘ಖ’ ಪದ್ಧತಿಯ ಯಂತ್ರವನ್ನೂ ಕೊಂಡಿವೆ. ಉಳಿದ ೯೮,೦೦೦ ಸಂಸಾರಗಳಲ್ಲಿ ಎರಡೂ ಇಲ್ಲ. ‘ಕ’ ಪಕ್ಷದವರು ಹೆಚ್ಚು ಉತ್ಸಾಹಿಗಳು. ಅವರಲ್ಲಿ ಅರ್ಧದಷ್ಟು ಜನ, ಎಂದರೆ ೫೦೦ ಮಂದಿ, ಮತ ಹಾಕುತ್ತಾರೆ. ‘ಖ’ ಪಕ್ಷದವರಲ್ಲಿ ಐದರಲ್ಲಿ ಒಂದು ಪಾಲು, ಎಂದರೆ ೨೦೦ ಮಂದಿ, ಮತ ಹಾಕುತ್ತಾರೆ. ಉಳಿದವರಲ್ಲಿ ಸಾವಿರಕ್ಕೊಬ್ಬರಂತೆ ೯೮ ಮಂದಿ ಬಂದು, ಬೇರೆ ಆಯ್ಕೆಯಿಲ್ಲದುದರಿಂದ, ೪೯ ಮತಗಳನ್ನು ‘ಕ’ಗೂ ೪೯ ಮತಗಳನ್ನು ‘ಖ’ಗೂ ಹಂಚುತ್ತಾರೆ. ಒಟ್ಟು ೭೯೮ ಮತಗಳಲ್ಲಿ ‘ಕ’ಗೆ ೫೪೯, ‘ಖ’ಗೆ ೨೪೯. ಮಾರನೆಯ ದಿನದ ಪ್ರಕಟಣೆ: ‘ಗ್ರಾಹಕರಲ್ಲಿ ಶೇಕಡಾ ೬೯ ಮಂದಿ ಕ ಪದ್ಧತಿಯ ಪರ.’ ವಾಸ್ತವದಲ್ಲಿ ಎರಡು ಪದ್ಧತಿಗಳೂ ಸಮಸಮ. ಶೇಕಡಾ ೯೮ರಷ್ಟು ಸಂಸಾರಗಳು ಯಾವುದನ್ನೂ ಕೊಂಡಿಲ್ಲ. ಈ ಗಣನೆ ಅಳೆದುದು ಮೆಚ್ಚುಗೆಯನ್ನಲ್ಲ, ಮತ ಹಾಕುವ ಹುರುಪನ್ನು.

ಇಂಥ ಪ್ರಕಟಣೆಗಳ ಕೆಳಗೆ ‘ದೋಷದ ಮಿತಿ ಶೇಕಡಾ ೩’ ಎಂಬ ಒಕ್ಕಣೆಯಿದ್ದರೆ ವಾಚಕನಿಗೆ ಭರವಸೆ ಹುಟ್ಟುವುದು ಸಹಜ. ಸುಮಾರು ಸಾವಿರ ಜನರ ಯಾದೃಚ್ಛಿಕ ಮಾದರಿಗೆ ಆ ಮಿತಿ ಸರಿಯಾದುದೇ. ಆದರೆ ಆ ಸೂತ್ರವು ಆಕಸ್ಮಿಕ ಏರಿಳಿತವನ್ನು ಮಾತ್ರ ಅಳೆಯುತ್ತದೆ. ತಾವಾಗಿ ಬಂದು ಸೇರಿದ ಮತದಾರರ ಪಕ್ಷಪಾತವು ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ.

೪. ಏನನ್ನು ಕೇಳಿದರು?

ಎರಡನೆಯ ಪ್ರಶ್ನೆ, ಪ್ರಶ್ನೆಯ ಒಕ್ಕಣೆಗೆ ಸಂಬಂಧಿಸಿದುದು. ‘ಬ್ಲೂ-ರೇ, ಎಚ್‌ಡಿ ಡಿವಿಡಿಗಳಲ್ಲಿ ನೀವು ಯಾವುದನ್ನು ಕೊಳ್ಳುವಿರಿ?’ ಎಂದು ಕೇಳಿದಾಗ ಎರಡರಲ್ಲಿ ಒಂದನ್ನು ಕೊಳ್ಳುವುದು ನಿಶ್ಚಯವೆಂದು ಪ್ರಶ್ನೆಯೇ ಊಹಿಸಿಕೊಂಡಿರುತ್ತದೆ. ‘ಯಾವುದನ್ನೂ ಕೊಳ್ಳುವುದಿಲ್ಲ’, ‘ಸ್ಪರ್ಧೆ ಮುಗಿಯುವವರೆಗೆ ಕಾಯುತ್ತೇನೆ’, ‘ನನ್ನಲ್ಲಿರುವ ಡಿವಿಡಿಯೇ ಸಾಕು’ ಎಂಬ ಉತ್ತರಗಳಿಗೆ ಅಲ್ಲಿ ಎಡೆಯಿಲ್ಲ. ಆ ಕಾಲದಲ್ಲಿ ಬಹುಸಂಖ್ಯೆಯ ಸಂಸಾರಗಳ ನಿಜವಾದ ಉತ್ತರ ಇವುಗಳಲ್ಲಿಯೇ ಇದ್ದಿತು. ಬ್ಲೂ-ರೇ ಗೆದ್ದ ಮೇಲೆಯೂ ಎಷ್ಟೋ ವರ್ಷಗಳವರೆಗೆ ಅಮೆರಿಕದಲ್ಲಿ ಅದಕ್ಕಿಂತ ಹೆಚ್ಚಾಗಿ ಮಾರಾಟವಾದುದು ಹಳೆಯ ಡಿವಿಡಿಯೇ. ನೆಟ್‌ಫ್ಲಿಕ್ಸ್ ಸಂಸ್ಥೆಯು ಡಿಸ್ಕಿನ ಹಂಗಿಲ್ಲದೆ ಅಂತರಜಾಲದ ಮೂಲಕವೇ ಚಿತ್ರಗಳನ್ನು ತೋರಿಸಲು ತೊಡಗಿದುದು ೨೦೦೭ರಲ್ಲಿ, ಎಂದರೆ ಈ ಸ್ಪರ್ಧೆಯ ನಡುವಿನಲ್ಲಿಯೇ. ಎರಡೇ ಆಯ್ಕೆಗಳನ್ನು ಮುಂದಿಟ್ಟ ಗಣನೆಯ ಕಣ್ಣಿಗೆ ಈ ಮೂರನೆಯ ದಾರಿ ಬೀಳುವುದು ಸಾಧ್ಯವಿರಲಿಲ್ಲ.

ಮೆಚ್ಚುಗೆಯನ್ನೂ ನಡತೆಯನ್ನೂ ಒಂದೆಂದು ಭಾವಿಸುವುದು ಇನ್ನೊಂದು ದೋಷ. ‘ಯಾವುದರ ಚಿತ್ರ ಚೆನ್ನ?’ ಎಂದು ೧೯೭೭ರಲ್ಲಿ ಕೇಳಿದ್ದರೆ ಹಲವರು ಬೀಟಾಮ್ಯಾಕ್ಸ್ ಎನ್ನುತ್ತಿದ್ದಿರಬಹುದು. ಆದರೆ ಅದರ ಮೊದಲ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯ ಕಾರ್ಯಕ್ರಮ ಮಾತ್ರ ಹಿಡಿಯುತ್ತಿದ್ದಿತು. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಎರಡು ಗಂಟೆಯ ಕಾರ್ಯಕ್ರಮ ಹಿಡಿಯುತ್ತಿದ್ದಿತು. ಒಂದು ಚಲಚ್ಚಿತ್ರವನ್ನು ಮಧ್ಯದಲ್ಲಿ ಕಡಿಯದೆ ಮುದ್ರಿಸಿಕೊಳ್ಳಬೇಕಾದವನಿಗೆ ಚಿತ್ರದ ಸೊಗಸಿಗಿಂತ ಆ ಇನ್ನೊಂದು ಗಂಟೆಯೇ ಮುಖ್ಯ. ಯಾವ ಗುಣವನ್ನು ಕುರಿತು ಪ್ರಶ್ನಿಸಬೇಕೆಂಬುದನ್ನು ಪ್ರಶ್ನಿಸುವವನೇ ಆರಿಸುವುದರಿಂದ ಉತ್ತರದ ಅರ್ಧಭಾಗ ಪ್ರಶ್ನೆಯಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

‘ನೀವು ಬ್ಲೂ-ರೇ ಚಿತ್ರವನ್ನು ನೋಡಿದ್ದೀರಾ?’ ಎಂಬ ಸರಳ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಮೊದಲು ಮಾರಾಟವಾದ ಕೆಲವು ಲಕ್ಷ ಪ್ಲೇಸ್ಟೇಷನ್ ೩ ಯಂತ್ರಗಳ ಜತೆಗೆ ‘ಟ್ಯಾಲಡೇಗ ನೈಟ್ಸ್’ ಎಂಬ ಚಿತ್ರದ ಬ್ಲೂ-ರೇ ಡಿಸ್ಕನ್ನು ಉಚಿತವಾಗಿ ಕೊಡಲಾಯಿತು. ಯೂರೋಪಿನಲ್ಲಿ ಮೊದಲು ನೋಂದಾಯಿಸಿಕೊಂಡ ಗ್ರಾಹಕರಿಗೆ ‘ಕ್ಯಾಸಿನೊ ರಾಯಲ್’ ಚಿತ್ರದ ಡಿಸ್ಕು ಸಂದಿತು. ಎಚ್‌ಡಿ ಡಿವಿಡಿ ಪಕ್ಷದವರೂ ಪ್ಲೇಯರನ್ನು ಕೊಂಡವರಿಗೆ ಐದು ಡಿಸ್ಕುಗಳನ್ನು ಉಚಿತವಾಗಿ ಕಳುಹಿಸುವ ಯೋಜನೆಯನ್ನು ನಡೆಸಿದರು. ಹೀಗಿರುವಾಗ ‘ನೋಡಿದ್ದೇನೆ’ ಎಂಬ ಉತ್ತರದಿಂದ ಉಡುಗೊರೆ ತಲುಪಿದೆಯೆಂದು ತಿಳಿಯುತ್ತದೆಯೇ ಹೊರತು ಹಣ ಕೊಟ್ಟು ಕೊಳ್ಳುವ ಮನಸ್ಸಿದೆಯೆಂದು ತಿಳಿಯುವುದಿಲ್ಲ.

೫. ಯಾವುದನ್ನು ಎಣಿಸಿದರು?

ಜನರನ್ನು ಕೇಳುವುದನ್ನೇ ಬಿಟ್ಟು ಮಾರಾಟದ ಲೆಕ್ಕವನ್ನು ಹಿಡಿದರೆ ಈ ತೊಡಕುಗಳು ತಪ್ಪುವುವಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮಾರಾಟದ ಲೆಕ್ಕವು ಅಭಿಪ್ರಾಯಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂಬುದು ನಿಜ. ಆದರೆ ಯಾವುದರ ಲೆಕ್ಕ ಎಂಬ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ.

ಎಚ್‌ಡಿ ಡಿವಿಡಿ ಪಕ್ಷದವರು, ಚಲಚ್ಚಿತ್ರಕ್ಕಾಗಿಯೇ ಮಾಡಿದ ಪ್ಲೇಯರುಗಳನ್ನು ಮಾತ್ರ ಎಣಿಸಬೇಕೆಂದರು. ಆಟಕ್ಕಾಗಿ ಕೊಂಡ ಪ್ಲೇಸ್ಟೇಷನ್ ಚಿತ್ರ ನೋಡುವ ಯಂತ್ರವಲ್ಲವೆಂದು ವಾದಿಸಿದರು. ಬ್ಲೂ-ರೇ ಪಕ್ಷದವರು, ಡಿಸ್ಕನ್ನು ನಡೆಸಬಲ್ಲ ಯಂತ್ರಗಳೆಲ್ಲವೂ ಲೆಕ್ಕಕ್ಕೆ ಸೇರಬೇಕೆಂದರು. ಈ ಭೇದ ಅಲ್ಪವಾದುದಲ್ಲ. ೨೦೦೭ರ ಕೊನೆಯ ವೇಳೆಗೆ ಲೋಕದಾದ್ಯಂತ ಅಂಗಡಿಗಳಿಗೆ ರವಾನೆಯಾಗಿದ್ದ ಪ್ಲೇಸ್ಟೇಷನ್ ೩ ಯಂತ್ರಗಳು ಸುಮಾರು ೧ ಕೋಟಿ. ಎಚ್‌ಡಿ ಡಿವಿಡಿ ಯಂತ್ರಗಳಾದರೋ, ಎಲ್ಲ ಬಗೆಯವೂ ಸೇರಿ, ಸುಮಾರು ೧೦ ಲಕ್ಷ.

ಮತ್ತೊಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ‘ಕ’ ಪದ್ಧತಿಯ ಪ್ಲೇಯರುಗಳು ೧,೦೦,೦೦೦. ಅವುಗಳಿಗಾಗಿ ಮಾರಾಟವಾದ ಡಿಸ್ಕುಗಳು ೪,೦೦,೦೦೦. ‘ಖ’ ಪದ್ಧತಿಯಲ್ಲಿ ಪ್ರತ್ಯೇಕ ಪ್ಲೇಯರುಗಳು ೮೦,೦೦೦, ಆಟದ ಯಂತ್ರಗಳು ೯,೨೦,೦೦೦, ಒಟ್ಟು ೧೦,೦೦,೦೦೦, ಡಿಸ್ಕುಗಳು ೮,೦೦,೦೦೦. ಈಗ ‘ಕ’ ಪಕ್ಷದವರು, ‘ಪ್ಲೇಯರುಗಳ ಮಾರಾಟದಲ್ಲಿ ನಾವೇ ಮುಂದು’ ಎನ್ನಬಹುದು. ‘ನಮ್ಮ ಪ್ರತಿಯೊಬ್ಬ ಗ್ರಾಹಕನೂ ಸರಾಸರಿ ೪ ಡಿಸ್ಕುಗಳನ್ನು ಕೊಂಡಿದ್ದಾನೆ, ಎದುರು ಪಕ್ಷದವನು ೧ನ್ನೂ ಕೊಂಡಿಲ್ಲ’ ಎಂದೂ ಹೇಳಬಹುದು, ‘ಖ’ ಪದ್ಧತಿಯ ಸರಾಸರಿ ೦.೮ ಮಾತ್ರವಷ್ಟೆ. ‘ಖ’ ಪಕ್ಷದವರು, ‘ಯಂತ್ರಗಳ ಸಂಖ್ಯೆಯಲ್ಲಿ ನಾವು ಹತ್ತು ಪಟ್ಟು, ಡಿಸ್ಕುಗಳ ಮಾರಾಟದಲ್ಲಿ ಎರಡು ಪಟ್ಟು’ ಎನ್ನಬಹುದು. ನಾಲ್ಕು ಹೇಳಿಕೆಗಳೂ ಒಂದೇ ಕೋಷ್ಟಕದಿಂದ ಹುಟ್ಟಿದುವು, ನಾಲ್ಕೂ ನಿಜ. ಭೇದವಿರುವುದು ಛೇದದಲ್ಲಿ. ಶೇಕಡಾವಾರನ್ನು ಅಥವಾ ಸರಾಸರಿಯನ್ನು ಓದುವಾಗ ‘ಯಾವುದರಲ್ಲಿ ಇಷ್ಟು?’ ಎಂದು ಕೇಳದವನು ಅರ್ಧ ಸಂಗತಿಯನ್ನು ಮಾತ್ರ ಓದಿದಂತಾಯಿತು. ಸಿನಿಮಾ ಸಂಸ್ಥೆಗೆ ಮುಖ್ಯವಾದುದು ಒಟ್ಟು ಡಿಸ್ಕುಗಳ ಮಾರಾಟ. ತಲಾ ಸರಾಸರಿಯಿಂದ ಅದರ ಪೆಟ್ಟಿಗೆ ತುಂಬುವುದಿಲ್ಲ.

ಎಣಿಕೆಯ ವ್ಯಾಪ್ತಿಯೂ ವಿಚಾರಾರ್ಹವಾದುದು. ೨೦೦೭ರಲ್ಲಿ ಅಮೆರಿಕದ ವಾರದ ಡಿಸ್ಕ್ ಮಾರಾಟಕ್ಕೆ ನೀಲ್ಸನ್ ಸಂಸ್ಥೆಯ ವೀಡಿಯೋಸ್ಕ್ಯಾನ್ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಿದ್ದರು. ಅವುಗಳ ಪ್ರಕಾರ ಬ್ಲೂ-ರೇ ಡಿಸ್ಕುಗಳು ಒಟ್ಟಿನಲ್ಲಿ ಸುಮಾರು ಒಂದಕ್ಕೆರಡರಂತೆ ಮಾರಾಟವಾಗುತ್ತಿದ್ದುವು. ಆದರೆ ಅಮೆರಿಕದ ಅತಿ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾದ ವಾಲ್‌ಮಾರ್ಟ್ ೨೦೦೧ರಿಂದ ೨೦೧೧ರವರೆಗೆ ತನ್ನ ಮಾರಾಟದ ವಿವರಗಳನ್ನು ಇಂಥ ಸಂಸ್ಥೆಗಳಿಗೆ ಒದಗಿಸುತ್ತಿರಲಿಲ್ಲ. ಅಗ್ಗದ ಎಚ್‌ಡಿ ಡಿವಿಡಿ ಪ್ಲೇಯರುಗಳನ್ನು ೨೦೦೭ರ ನವೆಂಬರಿನಲ್ಲಿ ೧೦೦ ಡಾಲರಿಗಿಂತಲೂ ಕಡಮೆ ಬೆಲೆಗೆ ಮಾರಿದುದು ಆ ಸಂಸ್ಥೆಯೇ. ಇದರಿಂದ ನೀಲ್ಸನ್ ಅಂಕಿಗಳು ತಲೆಕೆಳಗಾದುವೆಂದು ಹೇಳುವಂತಿಲ್ಲ. ಅತಿ ದೊಡ್ಡ ಅಂಗಡಿಯನ್ನು ಬಿಟ್ಟ ಲೆಕ್ಕವೆಂಬ ಎಚ್ಚರಿಕೆಯಿಂದ ಅವುಗಳನ್ನು ಓದಬೇಕಾಗಿದ್ದಿತು, ಅಷ್ಟೆ.

೬. ಯಾವಾಗ ಎಣಿಸಿದರು?

ಸಣ್ಣ ಮಾರುಕಟ್ಟೆಯಲ್ಲಿ ಒಂದು ವಾರದ ಪ್ರಮಾಣವು ಗಾಳಿಗೆ ತಿರುಗುವ ಗರಿಯಂತೆ. ಒಂದೇ ಒಂದು ಜನಪ್ರಿಯ ಚಿತ್ರ ಬಿಡುಗಡೆಯಾದರೆ, ಅಥವಾ ಒಂದು ಕೊಂಡರೆ ಇನ್ನೊಂದು ಉಚಿತವೆಂಬ ಮಾರಾಟ ನಡೆದರೆ, ಆ ವಾರದ ಪ್ರಮಾಣ ಏರುಪೇರಾಗುತ್ತದೆ. ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಚಿತ್ರ ೨೦೦೭ರ ಅಕ್ಟೋಬರಿನಲ್ಲಿ ಎಚ್‌ಡಿ ಡಿವಿಡಿಯಲ್ಲಿ ಮಾತ್ರ ಹೊರಬಂದಿತು. ಆ ವಾರದ ಅಂಕಿಯನ್ನು ಆರಿಸಿಕೊಂಡವನಿಗೆ ಒಂದು ಚಿತ್ರಣ, ಅದರ ಹಿಂದಿನ ವಾರವನ್ನು ಆರಿಸಿಕೊಂಡವನಿಗೆ ಬೇರೆ ಚಿತ್ರಣ.

ಇದಕ್ಕಿಂತ ಬೋಧಪ್ರದವಾದ ನಿದರ್ಶನ ೨೦೦೮ರ ಜನವರಿಯದು. ಎನ್‌ಪಿಡಿ ಎಂಬ ಮಾರುಕಟ್ಟೆ ಸಂಶೋಧನ ಸಂಸ್ಥೆಯ ಗಣನೆಯಂತೆ, ಜನವರಿ ೧೨ಕ್ಕೆ ಮುಗಿದ ವಾರದಲ್ಲಿ ಅಮೆರಿಕದಲ್ಲಿ ಮಾರಾಟವಾದ ಹೊಸ ಪದ್ಧತಿಯ ಪ್ಲೇಯರುಗಳ ಪೈಕಿ ಬ್ಲೂ-ರೇಯ ಪಾಲು ಸುಮಾರು ಶೇಕಡಾ ೯೩. ಎಚ್‌ಡಿ ಡಿವಿಡಿ ನಿರ್ನಾಮವಾಯಿತೆಂದು ಸುದ್ದಿಯಾಯಿತು. ಅಷ್ಟರಲ್ಲಿ ತೋಷಿಬಾ ತನ್ನ ಪ್ಲೇಯರುಗಳ ಬೆಲೆಯನ್ನು ಬಹಳವಾಗಿ ಇಳಿಸಿತು. ಮರುವಾರದಲ್ಲಿ ಎಚ್‌ಡಿ ಡಿವಿಡಿಯ ಪಾಲು ಸುಮಾರು ಮೂರರಲ್ಲೊಂದು ಭಾಗಕ್ಕೆ ಏರಿತು. ಏಳು ದಿನಗಳಲ್ಲಿ ಜನರ ರುಚಿ ಇಷ್ಟೊಂದು ಬದಲಾಯಿತೆಂದು ಯಾರೂ ನಂಬಲಾರರು. ಬದಲಾದುದು ಬೆಲೆಯ ಚೀಟಿ. ಕೆಲವೇ ವಾರಗಳಲ್ಲಿ ಆ ಪದ್ಧತಿಯೇ ನಿಂತುಹೋಯಿತೆಂಬುದನ್ನು ನೆನೆದರೆ, ಏರಿದ ಅಂಕಿಯನ್ನು ಕಂಡು ಧೈರ್ಯತಾಳಿದವರು ಎಷ್ಟು ಮೋಸಹೋದರೆಂಬುದು ತಿಳಿಯುತ್ತದೆ.

೭. ಅಳತೆಯೇ ತೂಕವಾದಾಗ

ಮೇಲಣ ನಾಲ್ಕು ದೋಷಗಳು ಯಾವ ಸಮೀಕ್ಷೆಯಲ್ಲಿಯಾದರೂ ಸಂಭವಿಸಬಹುದಾದುವು. ಪದ್ಧತಿಗಳ ಸ್ಪರ್ಧೆಗೆ ವಿಶಿಷ್ಟವಾದ ಐದನೆಯ ತೊಡಕನ್ನು ಈಗ ನೋಡಬಹುದು. ಸೋಪು, ಚಹ ಮೊದಲಾದ ಸರಕುಗಳ ವಿಷಯದಲ್ಲಿ ನೆರೆಯವನು ಏನನ್ನು ಕೊಳ್ಳುವನೆಂಬುದು ನನ್ನ ತೃಪ್ತಿಯನ್ನು ಬಾಧಿಸುವುದಿಲ್ಲ. ಡಿಸ್ಕ್ ಪ್ಲೇಯರಿನ ಮಾತು ಹಾಗಲ್ಲ. ನನ್ನ ಪದ್ಧತಿಯನ್ನು ಹೆಚ್ಚು ಜನ ಕೊಂಡರೆ ಅದಕ್ಕೆ ಹೆಚ್ಚು ಚಿತ್ರಗಳು ಬರುತ್ತವೆ. ಕೊಳ್ಳದಿದ್ದರೆ ನನ್ನ ಯಂತ್ರ ಮೂಲೆ ಸೇರುತ್ತದೆ. ಇಂಥ ಸರಕುಗಳಲ್ಲಿ ಗ್ರಾಹಕರ ನಿರೀಕ್ಷೆಯೇ ಫಲವನ್ನು ನಿರ್ಧರಿಸಬಲ್ಲುದೆಂಬುದನ್ನು ಮೈಕೆಲ್ ಕಾಟ್ಜ್ ಮತ್ತು ಕಾರ್ಲ್ ಶಪೀರೊ ಎಂಬ ಅರ್ಥಶಾಸ್ತ್ರಜ್ಞರು ೧೯೮೫ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಇದಕ್ಕೂ ಮುಂಚೆ, ೧೯೩೬ರಲ್ಲಿ, ಕೇನ್ಸರು ಷೇರು ಮಾರುಕಟ್ಟೆಯನ್ನು ಒಂದು ಪತ್ರಿಕಾ ಸ್ಪರ್ಧೆಗೆ ಹೋಲಿಸಿದ್ದರು. ಅಲ್ಲಿ ಬಹುಮಾನ ಸಲ್ಲುವುದು, ತನಗೆ ಚೆಲುವಾಗಿ ತೋರಿದ ಮುಖಗಳನ್ನು ಆರಿಸಿದವನಿಗಲ್ಲ. ಉಳಿದ ಸ್ಪರ್ಧಿಗಳು ಯಾವ ಮುಖಗಳನ್ನು ಆರಿಸುವರೆಂಬುದನ್ನು ಸರಿಯಾಗಿ ಊಹಿಸಿದವನಿಗೆ. ೨೦೦೭ರ ಗ್ರಾಹಕನೂ ಇಂಥ ಸ್ಪರ್ಧಿಯೇ ಆಗಿದ್ದನು.

ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಂಗಿಸುವುದಕ್ಕೆ ಬಳಸುತ್ತೇವೆ. ಈ ಬಗೆಯ ಮಾರುಕಟ್ಟೆಯಲ್ಲಾದರೋ ಗೆಲ್ಲುವ ಎತ್ತಿನ ಬಾಲವನ್ನು ಹಿಡಿಯುವುದೇ ವಿವೇಕ. ಹಾಗಿರುವಾಗ ‘ಈ ಎತ್ತೇ ಗೆಲ್ಲುತ್ತಿದೆ’ ಎಂದು ಮುಂಚಿತವಾಗಿ ನಂಬಿಸಬಲ್ಲವನಿಗೆ ಗೆಲವು ಹತ್ತಿರವಾಗುತ್ತದೆ. ಆದುದರಿಂದ ಇಲ್ಲಿ ಅಭಿಪ್ರಾಯಗಣನೆಯು ತಕ್ಕಡಿಯ ಮುಳ್ಳಾಗಿ ಉಳಿಯುವುದಿಲ್ಲ. ಪ್ರಕಟವಾದೊಡನೆ ತಾನೇ ಒಂದು ತೂಕದ ಕಲ್ಲಾಗಿ ತಟ್ಟೆಯೊಳಗೆ ಬೀಳುತ್ತದೆ. ಸ್ಪರ್ಧೆಯಲ್ಲಿ ಹಿತಾಸಕ್ತಿಯುಳ್ಳವರೇ ಗಣನೆಯ ವೆಚ್ಚವನ್ನು ಹೊತ್ತಿದ್ದರೆ ಆ ಕಲ್ಲು ಯಾವ ತಟ್ಟೆಗೆ ಬೀಳುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅನನುಕೂಲವಾದ ಫಲಿತಾಂಶ ಬಂದರೆ ಅದನ್ನು ಪ್ರಕಟಿಸದೆ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಅವರಿಗಿರುತ್ತದೆ.

ಕಡೆಗೆ ಸ್ಪರ್ಧೆ ತೀರ್ಮಾನವಾದುದು ಹೇಗೆ? ೨೦೦೭ರ ಆಗಸ್ಟಿನಲ್ಲಿ ಪ್ಯಾರಾಮೌಂಟ್ ಸಂಸ್ಥೆಯು ಬ್ಲೂ-ರೇಯನ್ನು ಬಿಟ್ಟು ಎಚ್‌ಡಿ ಡಿವಿಡಿ ಪಕ್ಷವನ್ನು ಸೇರಿತು. ಇದಕ್ಕಾಗಿ ಅದಕ್ಕೂ ಡ್ರೀಮ್‌ವರ್ಕ್ಸ್ ಆನಿಮೇಷನ್ ಸಂಸ್ಥೆಗೂ ಸುಮಾರು ೧೫ ಕೋಟಿ ಡಾಲರುಗಳ ಪ್ರೋತ್ಸಾಹ ದೊರೆಯಿತೆಂದು ಪತ್ರಿಕೆಗಳು ವರದಿಮಾಡಿದುವು. ಅದುವರೆಗೆ ಎರಡು ಪದ್ಧತಿಗಳಲ್ಲಿಯೂ ಚಿತ್ರಗಳನ್ನು ಹೊರತರುತ್ತಿದ್ದ ವಾರ್ನರ್ ಸಂಸ್ಥೆಯು ೨೦೦೮ರ ಜನವರಿ ೪ರಂದು, ಇನ್ನು ಮುಂದೆ ಬ್ಲೂ-ರೇ ಒಂದನ್ನೇ ಬೆಂಬಲಿಸುವುದಾಗಿ ಘೋಷಿಸಿತು. ಎರಡು ಪದ್ಧತಿಗಳಿಂದ ಗ್ರಾಹಕರಲ್ಲಿ ಗೊಂದಲವೂ ಉದಾಸೀನತೆಯೂ ಬೆಳೆದುವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಎಚ್‌ಡಿ ಡಿವಿಡಿಯ ಅಭಿಮಾನಿಗಳು ಅದನ್ನು ಉಳಿಸಬೇಕೆಂದು ಸಹಿಗಳನ್ನು ಸಂಗ್ರಹಿಸಿದರು. ಎದುರು ಪಕ್ಷದವರು ಅದಕ್ಕೆ ಪ್ರತಿಯಾಗಿ ಇನ್ನೊಂದು ಮನವಿಗೆ ಸಹಿ ಹಾಕಿಸಿದರು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಸಂಸ್ಥೆಗಳು ಬ್ಲೂ-ರೇ ಕಡೆಗೆ ನಿಂತುವು. ಫೆಬ್ರವರಿ ೧೯ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಸಹಿಗಳಾಗಲಿ ಮತಗಳಾಗಲಿ ಇದನ್ನು ತಡೆಯಲಿಲ್ಲ. ಗ್ರಾಹಕರ ತೀರ್ಪೆಂದು ಎಷ್ಟೇ ಸಾರಿದರೂ, ನಿರ್ಣಾಯಕವಾದ ಮತಗಳು ಕೆಲವೇ ಸಂಸ್ಥೆಗಳ ಕೈಯಲ್ಲಿದ್ದುವು.

ನಷ್ಟಕ್ಕೊಳಗಾದವರು ಯಾರೆಂಬುದನ್ನು ಮರೆಯಬಾರದು. ೨೦೦೭ರ ನವೆಂಬರಿನಲ್ಲಿ ಅಗ್ಗದ ಬೆಲೆಗೆ ಪ್ಲೇಯರನ್ನು ಕೊಂಡ ಸಂಸಾರಕ್ಕೆ ಮೂರೂವರೆ ತಿಂಗಳಲ್ಲಿ ಅದರ ಭವಿಷ್ಯ ಮುಗಿಯಿತು. ಬೆಸ್ಟ್ ಬೈ ಸಂಸ್ಥೆಯು ತನ್ನಲ್ಲಿ ಎಚ್‌ಡಿ ಡಿವಿಡಿ ಪ್ಲೇಯರನ್ನು ಕೊಂಡವರಿಗೆ ಮುಂದೆ ೫೦ ಡಾಲರಿನ ಉಡುಗೊರೆ ಚೀಟಿಯನ್ನು ಕೊಟ್ಟಿತು. ಆದರೆ ಅಂಕಿಗಳನ್ನು ನಂಬಿ ಕೊಂಡವರ ನಂಬಿಕೆಗೆ ಪರಿಹಾರ ಕೊಡುವ ಅಂಗಡಿ ಯಾವುದೂ ಇಲ್ಲ.

೮. ಉಪಸಂಹಾರ

ಹಾಗಾದರೆ ಗಣನೆಗಳನ್ನೆಲ್ಲ ತಿರಸ್ಕರಿಸಬೇಕೇ? ಅದು ತಪ್ಪು ನಿಗಮನವಾದೀತು. ಮಾದರಿ ಸಮೀಕ್ಷೆಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ನಮ್ಮ ದೇಶದವರ ಪಾತ್ರ ದೊಡ್ಡದು. ಪ್ರೊ. ಪಿ. ಸಿ. ಮಹಲನೋಬಿಸರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳ ಕಾಲದಲ್ಲಿ ರೂಪಿಸಿದ ವಿಧಾನವೊಂದು ಇಲ್ಲಿ ಸ್ಮರಣೀಯ. ಒಂದೇ ಪ್ರದೇಶದಿಂದ ಎರಡು ಅಥವಾ ಹೆಚ್ಚು ಉಪಮಾದರಿಗಳನ್ನು ಸ್ವತಂತ್ರವಾಗಿ ಆರಿಸಿ, ಬೇರೆ ಬೇರೆ ತಂಡಗಳಿಂದ ಸಮೀಕ್ಷೆ ಮಾಡಿಸಿ, ಫಲಿತಾಂಶಗಳನ್ನು ಹೋಲಿಸುವುದು ಅದರ ತಿರುಳು. ತಂಡಗಳ ಉತ್ತರಗಳಲ್ಲಿ ಅಂತರ ಹೆಚ್ಚಾಗಿದ್ದರೆ ದೋಷ ಬೆಳೆಯಲ್ಲಿಲ್ಲ, ಎಣಿಕೆಯಲ್ಲಿದೆ ಎಂದು ತಿಳಿಯಬಹುದು. ೧೯೫೦ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿಯೂ ಈ ತತ್ತ್ವಕ್ಕೆ ಸ್ಥಾನ ದೊರೆಯಿತು. ತನ್ನ ತಪ್ಪನ್ನು ತಾನೇ ಹೊರಗೆಡಹುವ ಏರ್ಪಾಡನ್ನು ಒಳಗೊಂಡಿರುವುದೇ ಪ್ರಾಮಾಣಿಕ ಸಮೀಕ್ಷೆಯ ಲಕ್ಷಣ. ಪ್ರಚಾರಕ್ಕಾಗಿ ನಡೆಸಿದ ಗಣನೆಯಲ್ಲಿ ಇಂಥ ಏರ್ಪಾಡನ್ನು ಕಾಣುವುದು ಅಪರೂಪ.

ಈ ವಿಚಾರ ದೂರದೇಶದ ಡಿಸ್ಕುಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ತಮ್ಮ ವರದಿಗಳಿಗಾಗಿ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ ಸ್ನೇಹಿತರಿಗೆ ಹಂಚುತ್ತಾರೆ. ತುಂಬಿಕೊಟ್ಟವರ ಉತ್ತರಗಳನ್ನು ಕೂಡಿ ‘ಶೇಕಡಾ ಇಷ್ಟು ಗ್ರಾಹಕರು’ ಎಂದು ಬರೆಯುತ್ತಾರೆ. ಅಂಥ ವರದಿಯನ್ನು ಬರೆಯುವ ಮುನ್ನ ವಿದ್ಯಾರ್ಥಿಯೂ, ಒಪ್ಪಿಕೊಳ್ಳುವ ಮುನ್ನ ಅಧ್ಯಾಪಕನೂ ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳಿತು. ಸಮಷ್ಟಿ ಯಾವುದು? ಉತ್ತರಿಸದವರು ಎಷ್ಟು ಮಂದಿ? ‘ಯಾವುದೂ ಬೇಡ’ ಎನ್ನಲು ಎಡೆಯಿದ್ದಿತೇ? ಛೇದದಲ್ಲಿರುವುದು ಏನು? ಎಣಿಕೆಯ ದಿನಗಳನ್ನು ಆರಿಸಿದವರು ಯಾರು? ವೆಚ್ಚವನ್ನು ಹೊತ್ತವರು ಯಾರು? ಇವಕ್ಕೆ ಉತ್ತರ ದೊರೆಯದಿದ್ದಲ್ಲಿ ಶೇಕಡಾವಾರನ್ನು ಬರೆಯದೆ, ‘ನಾವು ಕೇಳಿದ ಇಷ್ಟು ಜನರಲ್ಲಿ ಇಷ್ಟು ಜನ ಹೀಗೆಂದರು’ ಎಂದು ಬರೆಯುವುದೇ ಸರಿಯಾದ ಕ್ರಮ. ಆ ವಾಕ್ಯ ನೋಡಲು ಸಣ್ಣದು; ಆದರೆ ಅದನ್ನು ನಂಬಿದವನು ಮೋಸಹೋಗುವುದಿಲ್ಲ.